ನಾಲ್ಕನೆಯ ಸಲದ ನೋವು

ಸೂತಕ ಕಳೆದ ಮರುದಿನ ಬೆಳಗ್ಗೆಯೇ ಜಾನಕಮ್ಮ ತಿರುವಲ್ಲಿಕೇಣಿಯ ಎರಡು ಬೀದಿ ದಾಟಿ ವಿಷ್ಣುತೀರ್ಥಾಚಾರ್ಯರ ಮನೆ ಮುಂದೆ ನಿಂತರು. ಜಗುಲಿಯ ಮೇಲೆ ಕೂತು ತುಳಸಿ ಬಿಡಿಸುತ್ತಿದ್ದ ಆಚಾರ್ಯರು ಅವರನ್ನು ಕಂಡದ್ದೇ ಎದ್ದು ಒಳಗೆ ಹೊರಟರು.

“ನಿಲ್ಲಿ ಆಚಾರ್ರೇ. ಒಂದು ಮಾತು ಕೇಳಿ ಹೋಗ್ತೀನಿ.”

ಮಗಳು ತುಂಗಾ ಹೋದಾಗಿನಿಂದ ಜಾನಕಮ್ಮನನ್ನು ಒಂದು ಅನುಮಾನ ಕೊರೆಯುತ್ತಿತ್ತು. ಯಾವ ಡಾಕ್ಟರು, ಯಾವ ಕಾಲೇಜು, ಯಾವ ಜಾತಕ, ಇಪ್ಪತ್ತು ವರ್ಷದಿಂದ ಅವರ ಮನೆಯಲ್ಲಿ ಎಲ್ಲಕ್ಕೂ ಆಚಾರ್ಯರ ಮಾತೇ ಮಾತು. ಅಂಥವರು ಈ ಹದಿಮೂರು ದಿನವೂ ಬೀದಿಯಲ್ಲೇ ನಿಂತು ಗಂಡನ ಹತ್ತಿರ ಎರಡು ಮಾತಾಡಿ ಹೋದರು. ಸೂತಕವೆಂದು ದೂರವಿದ್ದಾರೆ ಎನ್ನೋಣವೆಂದರೆ, ಮಾವ ತೀರಿಕೊಂಡಾಗ ದಿನವೂ ಬಂದು ಪಕ್ಕದಲ್ಲಿ ಕೂತು ಪುರಾಣ ಹೇಳಿದವರು ಇವರೇ. ಈ ಸಲ ಜಾನಕಮ್ಮನ ಮುಖವನ್ನು ಒಮ್ಮೆಯೂ ನೋಡಲಿಲ್ಲ.

ಆಮೇಲೆ ಒಂದೊಂದೇ ನೆನಪಿಗೆ ಬಂತು. ಗಂಡಿನವರು ಮೂರು ಸಲ ಬಂದಿದ್ದರು. ಮೂರು ಸಲವೂ ಅವರು ಬರುವ ಹೊತ್ತಿಗೆ ಸರಿಯಾಗಿ ತುಂಗಾಗೆ ಹೊಟ್ಟೆನೋವು. ಮೂರು ಸಲವೂ ಆಚಾರ್ಯರು ಎಲ್ಲಿಂದಲೋ ಬಂದು, ‘ಇನ್ನೊಂದು ದಿನ ನೋಡೋಣ’ ಎಂದು ಎಲ್ಲರನ್ನೂ ಸಮಾಧಾನ ಮಾಡಿದ್ದರು.

“ಆ ಹೊಟ್ಟೆನೋವು ನೀವು ಹೇಳಿಕೊಟ್ಟದ್ದಾ?”

ಆಚಾರ್ಯರು ಕಂಬ ಹಿಡಿದು ಕೂತರು.

“ಪಾವಂ, ಪಾಪದ ಹುಡುಗಿ, ಬಂದು ಅತ್ತಳಮ್ಮಾ. ಬಿ.ಎ. ಪರೀಕ್ಷೆಗೆ ನಾಲ್ಕೇ ತಿಂಗಳಿತ್ತು. ಅದು ಮುಗಿಯೋ ತನಕ ಮದುವೆ ಬೇಡ ಅಂತ ಅಪ್ಪನ ಎದುರು ಹೇಳೋ ಧೈರ್ಯ ಇರಲಿಲ್ಲ. ಅವರ ಕೋಪ ನಿಮಗೆ ಗೊತ್ತಲ್ಲ. ಹೊಟ್ಟೆನೋವು ಅಂದುಬಿಡು, ಅಷ್ಟರಲ್ಲಿ ನಾನು ಮೆಲ್ಲಗೆ ಅವರಿಗೆ ಹೇಳ್ತೀನಿ ಅಂದೆ. ಒಳ್ಳೇದಕ್ಕೇ ಅಂದೆ.”

“ಹೇಳಿದ್ರಾ ಅವರಿಗೆ?”

“ಹೇಳೋಣ, ಹೇಳೋಣ ಅಂತ...”

ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ. ನಾಲ್ಕನೆಯ ಸಲ ಎಗ್ಮೋರಿನಿಂದ ಗಂಡಿನ ತಾಯಿ ಬರುವವರಿದ್ದರು. ತುಂಗಾ ಬೆಳಗ್ಗೆಯಿಂದಲೇ ಮುದುರಿಕೊಂಡು ಮಲಗಿದ್ದಳು. ಜಾನಕಮ್ಮ ಓಮದ ನೀರು ಕುಡಿಸಿ, ‘ಸಾಕು ನಿನ್ನ ನಾಟಕ’ ಎಂದು ರೆಟ್ಟೆ ಹಿಡಿದು ಎಬ್ಬಿಸಿ, ಜಡೆ ಹೆಣೆದು ಮಲ್ಲಿಗೆ ಮುಡಿಸಿದ್ದರು. ಹುಡುಗಿ ಬಂದವರೆದುರು ಅರ್ಧ ಗಂಟೆ ಹಲ್ಲು ಕಚ್ಚಿ ಕೂತಿದ್ದಳು. ‘ತುಂಬ ಮಿತಭಾಷಿ’ ಎಂದು ಗಂಡಿನ ತಾಯಿ ಮೆಚ್ಚಿಕೊಂಡು ಹೋದರು. ಮರುದಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಒಳಗೆ ಅಪೆಂಡಿಕ್ಸ್ ಒಡೆದುಹೋಗಿತ್ತು. ಒಂದು ದಿನ ಮುಂಚೆ ಯಾಕೆ ತರಲಿಲ್ಲ ಎಂದು ಡಾಕ್ಟರು ಕೇಳಿದಾಗ ಗಂಡ ಜಾನಕಮ್ಮನ ಮುಖ ನೋಡಿದ್ದರು.

“ಮೂರು ಸಲ ನಂಬಿದೆ,” ಎಂದರು ಜಾನಕಮ್ಮ. “ನಾಲ್ಕನೇ ಸಲ ನಂಬಲಿಲ್ಲ. ಹೆತ್ತವಳಿಗೇ ಗೊತ್ತಾಗಲಿಲ್ಲವಲ್ಲ ಅಂತ ಹಗಲೂ ರಾತ್ರಿ ಬೇಯ್ತಾ ಇದ್ದೀನಿ. ನೀವು ಬೀದೀಲಿ ನಿಂತು ನೋಡ್ತಾ ಇದ್ರಿ.”

ಜಾನಕಮ್ಮ ಹೊರಡಲಿಲ್ಲ. ಇನ್ನೂ ಒಂದು ಉಳಿದಿತ್ತು.

“ಅವತ್ತು ಮಧ್ಯಾಹ್ನ, ಗಂಡಿನವರು ಬರೋಕೆ ಮುಂಚೆ, ನಿಮ್ಮನ್ನ ಕರೆಸು ಅಂತ ಅವಳೇ ಹಟ ಹಿಡಿದಳು. ನೀವು ಬಂದ್ರಿ. ನಾನು ಕಾಫಿಗೆ ಅಂತ ಅಡುಗೆಮನೆಗೆ ಹೋದೆ. ಆಗ ಏನಂದ್ಳು ನಿಮ್ಮ ಹತ್ತಿರ?”

“ಬೇಡಮ್ಮಾ.”

“ಹೇಳಿ.”

“‘ಇವತ್ತು ನಿಜ, ಆಚಾರ್ರೇ’ ಅಂದ್ಳು.”

“ನೀವು?”

ಆಚಾರ್ಯರು ಬಿಡಿಸಿಟ್ಟ ತುಳಸಿಯನ್ನು ಪಕ್ಕಕ್ಕೆ ಸರಿಸಿದರು.

“ಬೆನ್ನು ತಟ್ಟಿ, ‘ಹಾಗೇ ಹೇಳು, ನಂಬ್ತಾರೆ’ ಅಂದೆ.”