ಅಂಗೈಯ ಎಣ್ಣೆ

ಆ ಭಾನುವಾರವೂ ಎಣ್ಣೆ ಜಿನುಗಿದ್ದು ಪಾಸ್ಟರ್ ಪ್ರಭುದಾಸರ ಅಂಗೈಯಲ್ಲಲ್ಲ, ಅವರ ಹೆಂಡತಿ ರೂತಮ್ಮನ ಅಂಗೈಯಲ್ಲಿ. ಸಭೆಯ ಊಟಕ್ಕೆ ಈರುಳ್ಳಿ ಹೆಚ್ಚುತ್ತಿದ್ದವಳ ಕೈಯಿಂದ ಚಾಕು ಜಾರಿತು. ಯಾರ ಅಂಗೈಯಲ್ಲಿ ಎಣ್ಣೆ ಜಿನುಗುತ್ತದೋ ಅವರೇ ಅಂದು ಚರ್ಚಿನ ಸಭೆಯ ಮುಂದೆ ನಿಂತು ಪ್ರಸಂಗ ಮಾಡಬೇಕು. ಎಲ್ಲ ಸಭೆಗಳಲ್ಲೂ ಅದೇ ಕ್ರಮ. ಹೆಂಗಸಿಗೆ ಜಿನುಗಿದರೆ ಸೆರಗಿಗೆ ಒರೆಸಿಕೊಂಡು ಸುಮ್ಮನಿರಬೇಕು, ಅದೂ ಕ್ರಮವೇ.

"ಬೇಗ ಕೊಡು, ಹಾಡು ಮುಗೀತಾ ಬಂತು," ಎಂದು ಪ್ರಭುದಾಸರು ಅಡುಗೆಮನೆ ಬಾಗಿಲಲ್ಲಿ ಎಣ್ಣೆಯಿಲ್ಲದ ಒಣ ಕೈ ಚಾಚಿದರು. ವರ್ಷದಿಂದ ಮಾಡುತ್ತಿದ್ದಂತೆ ರೂತಮ್ಮ ತನ್ನ ಅಂಗೈಯನ್ನು ಅವರ ಅಂಗೈಗೆ ಒತ್ತಿದಳು.

ಅವರು ಹೋದ ಮೇಲೂ ಅವಳ ಕೈಗೆ ನೆಮ್ಮದಿಯಿಲ್ಲ. ಒರೆಸಿದಷ್ಟೂ ಎಣ್ಣೆ ಜಿನುಗಿತು, ಬೇಳೆಯ ಪಾತ್ರೆಗೂ ತೊಟ್ಟಿಕ್ಕಿತು. ಕೂತಲ್ಲಿ ಕೂರಲಾಗದೆ ಎದ್ದು ಸಭೆಯ ಬಾಗಿಲಿಗೆ ಬಂದಳು.

ಒಳಗೆ ಪ್ರಭುದಾಸರು ಮಂಡಿನೋವಿನ ಸಲೋಮಜ್ಜಿಯ ಹಣೆಗೆ ಎಣ್ಣೆ ಹಚ್ಚುತ್ತಿದ್ದರು. ಅಜ್ಜಿ ಅವರ ಕೈ ಹಿಡಿದು ಮೂಸಿದಳು.

"ಪಾಸ್ಟರಯ್ಯ, ಒಂದು ವರ್ಷದಿಂದ ನಿಮ್ಮ ಎಣ್ಣೆ ಈರುಳ್ಳಿ ವಾಸ್ನೆ ಹೊಡೀತದೆ."

ಸಭೆಯಲ್ಲಿ ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಅಜ್ಜಿ ಮಂಡಿ ಹಿಡಿದುಕೊಂಡು ಎದ್ದು ಬಾಗಿಲ ಕಡೆ ತಿರುಗಿದಳು.

"ಬಾರವ್ವ ರೂತಿ, ಮೈಕ್ ತಗೋ. ಈರುಳ್ಳಿ ನಾನು ಹೆಚ್ತೀನಿ."