ದಡದಲ್ಲಿ ಅಳು

ಮೂರು ದಿನದಿಂದ ನಮ್ಮೂರ ಕಡಲ ದಡದಲ್ಲಿ ಧಾರಾವಾಹಿಯ ಚಿತ್ರೀಕರಣ. ಅವತ್ತು ನಾಯಕನ ದೋಣಿ ಮುಳುಗಬೇಕಿತ್ತು, ಅದಕ್ಕೆಂದು ಕರೆಸಿದ್ದ ನಮ್ಮೂರ ಮೀನುಗಾರ ಹೆಂಗಸರು ದಡದಲ್ಲಿ ನಿಂತು ಅಳಬೇಕಿತ್ತು. ಮುಂದೆ ನಿಂತಿದ್ದ ಮಾಸ್ತಮ್ಮ ತುಟಿ ಬಿಗಿಹಿಡಿದಳು. ಅವಳನ್ನು ನೋಡಿ ಉಳಿದವರೂ ಅಳಲಿಲ್ಲ.

"ಅಳಮ್ಮಾ ತಾಯಿ, ಬೆಳಕು ಹೋಗ್ತಿದೆ!" ನಿರ್ದೇಶಕ ಕೂಗಿದ.

"ದೋಣಿ ಬಪ್ಪತನ್ಕ ದಡದಲ್ಲಿ ಅಳೂಕಾಗ ಸಾರ್, ಕಡಲಿಗೆ ಹೋದೋರಿಗೆ ಕೇಡು. ನನ್ ಮಗ ಬೆಳಿಗ್ಗೆಯೇ ಬರ್ಕಿತ್ತ್, ಇನ್ನೂ ಕಾಣ್ತಿಲ್ಲೆ."

"ಇದು ಬರೀ ನಾಟಕ ಕಣಮ್ಮಾ!"

"ನಾಟ್ಕ ಅಂದೇಳಿ ಕಡ್ಲಿಗೆ ಯಾರ್ ಹೇಳೂದ್?"

ಹೊತ್ತು ಮುಳುಗಿತು. ನಿರ್ದೇಶಕ ಬೈಯುತ್ತಲೇ ಕ್ಯಾಮೆರಾ ಕಟ್ಟಿಸಿ ವ್ಯಾನು ಹತ್ತಿದ. ಹೆಂಗಸರು ಮಾತ್ರ ನಿಂತಲ್ಲೇ ನಿಂತು ಕಡಲನ್ನೇ ನೋಡುತ್ತಿದ್ದರು.

ಕೊನೆಗೊಮ್ಮೆ ಅಲೆಗಳ ನಡುವೆ ದೋಣಿ ಕಂಡಿತು. ದಡ ಮುಟ್ಟುವ ಮೊದಲೇ ಮಗ ನೀರಿಗೆ ಹಾರಿ ಬಂದು, "ಇಂಜಿನ್ ಕೆಟ್ಟಿತ್ತಮ್ಮಾ" ಎಂದ. ಮಾಸ್ತಮ್ಮ ಅವನ ಕೆನ್ನೆಗೊಂದು ಬಾರಿಸಿದಳು. ಆಮೇಲೆ ಮರಳಲ್ಲಿ ಕುಸಿದು ಕೂತು, ಎದೆ ಬಡಿದುಕೊಂಡು ಅಳತೊಡಗಿದಳು.

ಮಗ ಕೆನ್ನೆ ಸವರಿಕೊಳ್ಳುತ್ತ ಸುತ್ತ ನೋಡಿದ.

"ಸೀರಿಯಲ್‌ನವ್ರ್ ಹೋಯಾಯ್ತಲೆ ಅಮ್ಮಾ, ಇನ್ನೆಂತಕ್ಕೆ ಅಳ್ತೆ?"