ಕಟ್ಟಿಗೆಗೆ ಹೆದರುವ ಚೆಂಡು

ನರಸಪ್ಪ ಮತ್ತೆ ಪ್ಯಾಂಟಿನ ಜೇಬಿಗೆ ಕೈ ಹಾಕಿದ. ರೈಲ್ವೆ ತಂಡದ ಕ್ಯಾಪ್ಟನ್ ಶೌಕತ ಅಲಿ ಕಣ್ಣು ಕಿರಿದು ಮಾಡಿ ನೋಡಿದ. ಪ್ರತಿ ಓವರಿಗೆ ಮುಂಚೆ ಇದೇ ಆಟ. ಪುಟ್ಟ ಸೀಸೆ, ಎರಡು ಹನಿ, ಬೆರಳಿಗೆ ಸವರಿಕೊಳ್ಳುವುದು, ಆಮೇಲೆ ಚೆಂಡು. ಆಗಲೇ ರೈಲ್ವೆಯ ಇಬ್ಬರು ಔಟಾಗಿದ್ದರು.

ನರಸಪ್ಪ ವಾಡಿಯ ಸಿಮೆಂಟ್ ಫ್ಯಾಕ್ಟರಿಯ ಪ್ರಯೋಗಾಲಯದಲ್ಲಿ ಹಂಗಾಮಿ ನೌಕರ. ಫೈನಲ್ ಗೆಲ್ಲಿಸಿದರೆ ನೌಕರಿ ಕಾಯಂ ಎಂದು ಮ್ಯಾನೇಜರು ಎಲ್ಲರ ಮುಂದೆ ಹೇಳಿದ್ದರು. ಸೋತರೆ ತಿಂಗಳ ಕೊನೆಗೆ ಮನೆಗೆ. ಅಂಥವನು ಏನು ಮಾಡಲಿಕ್ಕೂ ಹೇಸುವುದಿಲ್ಲ ಎಂದುಕೊಂಡ ಶೌಕತ ಅಲಿ. ಹಗಲೆಲ್ಲ ರಾಸಾಯನಿಕಗಳ ನಡುವೆ ಇರುವವನು ಬೇರೆ.

ಊಟದ ಬಿಡುವಿನಲ್ಲಿ ಸೀಸೆ ಬೆಂಚಿನ ಮೇಲೇ ಉಳಿದಿತ್ತು. ಶೌಕತ ಅಲಿ ನಾಲ್ಕು ಹನಿ ಚಹಾದ ಬಸಿಗೆ ಸುರಿದುಕೊಂಡು ಬೇವಿನ ನೆರಳಿಗೆ ನಡೆದ. ಅಲ್ಲಿ ಸೇಡಂ ಹೈಸ್ಕೂಲಿನ ವಿಜ್ಞಾನದ ಟೀಚರು ಶಿವಕಾಂತಮ್ಮ ಕುಳಿತಿದ್ದರು. ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು ಆಟ ನೋಡಲು ಬಂದವರು. ಬೇರೆ ಊರಿನವರು, ಅವರಿಗೆ ಎರಡೂ ತಂಡ ಒಂದೇ ಎಂದು ಅವನ ನಂಬಿಕೆ.

“ಟೀಚರ್, ಇದು ಏನದ ಜರಾ ನೋಡ್ರಿ. ಆ ನರಸಪ್ಪ ಬಾಲಿಗಿ ಹಚ್ಚಲಿಕತ್ತಾನ.”

ಅವರು ಮೂಸಿದರು, ಬೆರಳಲ್ಲಿ ತಿಕ್ಕಿದರು. “ನಿಮಗ ಗೆಲ್ಲಾಕ ಇನ್ನೂ ಎಷ್ಟು ರನ್ ಬೇಕ್ರಿ?”

“ನಲವತ್ತು. ಎಂಟು ವಿಕೆಟ್ ಬಾಕಿ ಅದಾವ.”

ಟೀಚರು ಬೆರಳನ್ನು ಸೆರಗಿಗೆ ಒರೆಸಿಕೊಂಡರು. “ಭಾಳ ಕೆಟ್ಟ ಔಷಧ ಅದರಿ ಇದು. ಇದನ್ನ ಹಚ್ಚಿದ್ರ ಬಾಲು ಕಟ್ಟಿಗಿ ಕಂಡು ಸರೀತದ. ಬ್ಯಾಟಿಗಿ ಸಿಗಂಗಿಲ್ಲ.”

“ಎಷ್ಟು ಸರೀತದ?”

“ಒಂದು ಗೇಣು. ಬಲಕ್ಕ. ನೀವು ಬ್ಯಾಟು ಅಷ್ಟಽ ಬಲಕ್ಕ ಬೀಸ್ರಿ.”

“ಅಂಪೈರಗ ಹೇಳ್ಲೇನು?”

“ಬ್ಯಾಡ್ರಿ. ಯಾರು ನಂಬತಾರ?”

ಬಿಡುವು ಮುಗಿಯಿತು. ರೈಲ್ವೆಯವರು ಒಬ್ಬೊಬ್ಬರಾಗಿ ಬಂದು ಗೇಣು ಬಲಕ್ಕೆ ಬೀಸಿದರು. ಚೆಂಡು ಮಾತ್ರ ನೆಟ್ಟಗೆ ಬಂದು ನಡುವಿನ ಸ್ಟಂಪನ್ನೇ ಕೆಡವಿತು. ಸ್ಟಂಪೂ ಕಟ್ಟಿಗೆಯದೇ ಎಂಬುದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಹನ್ನೊಂದು ರನ್ನಿಗೆ ಎಂಟು ಮಂದಿ ಮುಗಿದರು.

ಶೌಕತ ಅಲಿ ನರಸಪ್ಪನ ಕೊರಳಪಟ್ಟಿ ಹಿಡಿದ. “ನಮಗ ಗೊತ್ತಾತಂತ ಔಷಧ ಹಚ್ಚೋದು ಬಿಟ್ಟಿ, ಹೌದಿಲ್ಲೋ?”

“ಯಾವ ಔಷಧರಿ?” ನರಸಪ್ಪ ಬೆಪ್ಪಾಗಿ ಕೈ ಚಾಚಿದ. ಬೆರಳುಗಳೆಲ್ಲ ಬಿರುಕು ಬಿಟ್ಟಿದ್ದವು. “ಸಿಮೆಂಟಿಗಿ ಒಡದಾವ್ರಿ. ಗ್ಲಿಸರಿನ್ ಹಚ್ಕೋತೀನಿ.”

ಶೌಕತ ಅಲಿ ನಂಬಲಿಲ್ಲ. ಓದಿದ ಟೀಚರಿಗೆ ಸುಳ್ಳು ಹೇಳುವ ದರ್ದು ಏನಿದೆ?

ನರಸಪ್ಪನ ನೌಕರಿ ಆ ವಾರವೇ ಕಾಯಂ ಆಯಿತು. ಮರುತಿಂಗಳು ರೈಲ್ವೆ ಕ್ವಾರ್ಟರ್ಸಿಗೂ ಅವನ ಲಗ್ನಪತ್ರಿಕೆ ಬಂತು. ಶೌಕತ ಅಲಿ ಸಿಟ್ಟಿನಲ್ಲೇ ಬಿಚ್ಚಿದ. ವರನ ಹೆಸರಿನ ಕೆಳಗೆ ವಧುವಿನ ಹೆಸರು ಅಚ್ಚಾಗಿತ್ತು.

ಚಿ. ಸೌ. ಶಿವಕಾಂತಮ್ಮ, ವಿಜ್ಞಾನ ಶಿಕ್ಷಕಿ, ಸೇಡಂ.